ಗುಜರಿಯಿಂದೆದ್ದ ಬಾಂಬರುಗಳು

ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳು ಸಾಲುಗಟ್ಟಿ ನಿಂತಿದ್ದವು. ಅಮೆರಿಕವು ಅವುಗಳನ್ನು ಬ್ರಿಟಿಷರಿಗೆ ಕೊಟ್ಟಿದ್ದು ಎರವಲಾಗಿ. ಯುದ್ಧಾನಂತರ ಹಿಂದಿರುಗಿಸಬೇಕು, ಇಲ್ಲವೇ ನಾಶಪಡಿಸಬೇಕು ಎಂಬುದು ಕರಾರು. ಅದರಂತೆ ಬ್ರಿಟಿಷರು ಅವು ಮತ್ತೆ ಹಾರದಂತೆ ಜಖಂಗೊಳಿಸಿದರು.

ಸ್ವತಂತ್ರ ಭಾರತದ ಬಳಿ ಭಾರಿ ಬಾಂಬರುಗಳಿರಲಿಲ್ಲ. 1948ರಲ್ಲಿ ಈ ಗುಜರಿಗೆ ಜೀವ ತುಂಬುವ ಕೆಲಸ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪಾಲಿಗೆ ಬಂತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನೇ ದುರಸ್ತಿ ಮಾಡಿ ಪಳಗಿತ್ತು. ಕಾನ್ಪುರದಲ್ಲಿ ಹಾರುವಷ್ಟರ ಮಟ್ಟಿಗೆ ಸರಿಪಡಿಸಿದ ವಿಮಾನಗಳನ್ನು ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿಯಾದ ಸುಮಾರು 40 ಲಿಬರೇಟರುಗಳು ವಾಯುಪಡೆ ಸೇರಿ, 1968ರವರೆಗೆ ಸೇವೆಯಲ್ಲಿದ್ದವು.

ಅಮೆರಿಕದಲ್ಲಿ ತಯಾರಾಗಿದ್ದ ಲಿಬರೇಟರುಗಳು 18 ಸಾವಿರಕ್ಕೂ ಹೆಚ್ಚು. ಯುದ್ಧದಲ್ಲಿ ಅಳಿದುಳಿದವುಗಳಲ್ಲಿ ಬಹುಪಾಲು ಗುಜರಿಯ ಪಾಲಾದವು. ಈಗ ಅಮೆರಿಕ, ಕೆನಡಾ, ಬ್ರಿಟನ್ನಿನ ಮ್ಯೂಸಿಯಂಗಳು ಜೋಪಾನ ಮಾಡಿರುವ ಬೆರಳೆಣಿಕೆಯ ವಿಮಾನಗಳಲ್ಲಿ ಹಲವು ಭಾರತದಿಂದ ಹೋದವು. ಹಣವಿಲ್ಲದ ಹೊಸ ದೇಶದ ಅಗತ್ಯವೇ ಅವುಗಳ ಆಯುಷ್ಯ ಬೆಳೆಸಿತು. 1974ರಲ್ಲಿ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂಗೆ ಭಾರತ ಒಂದು ಲಿಬರೇಟರನ್ನು ಕಾಣಿಕೆಯಾಗಿ ಕೊಟ್ಟಿತು. ಮುರಿದು ಹೋದವರ ನಾಡಿಗೆ ಅದು ಹಾರಿಕೊಂಡೇ ಮರಳಿತು.