ಕೊಡಗಿನ ಒಡಿಕತ್ತಿ ಮತ್ತು ಪೀಚೆಕತ್ತಿ: ಬಾಳಿಕೆಯ ವಿಚಾರ

ಆಯುಧಗಳ ಇತಿಹಾಸವನ್ನು ಬರೆಯತಕ್ಕವರು ಸಾಮಾನ್ಯವಾಗಿ ಯುದ್ಧಗಳನ್ನೂ ರಾಜವಂಶಗಳನ್ನೂ ಗಮನಿಸುತ್ತಾರೆ. ಗೃಹಸ್ಥನ ಮನೆಯಲ್ಲಿ ತಲೆಮಾರುಗಳಿಂದ ಉಳಿದುಬಂದ ಕತ್ತಿಯ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಚೆನ್ನಾಗಿ ತಯಾರಾದ ಕತ್ತಿಯೊಂದು ತನ್ನ ಮೂಲ ಪ್ರಯೋಜನ ತಪ್ಪಿದ ಮೇಲೂ ಏಕೆ ಬೆಲೆಯುಳ್ಳದ್ದಾಗಿರುತ್ತದೆ ಎಂಬ ಪ್ರಶ್ನೆಯನ್ನು ಕೊಡಗಿನ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಕೊಡವರ ಸಾಂಪ್ರದಾಯಿಕ ಉಡುಪಿನಲ್ಲಿ ಎರಡು ಕತ್ತಿಗಳಿವೆ. ಒಡಿಕತ್ತಿಯ ಅಲಗು ಅಗಲವೂ ಭಾರವೂ ಆಗಿ ಒಳಮುಖವಾಗಿ ಬಾಗಿದೆ. ಬಾಗಿನ ಒಳ ಅಂಚಿನಲ್ಲಿಯೇ ಅದರ ಬಾಯಿ. ತೂಕವು ಮುಂಭಾಗಕ್ಕೆ ಸೇರಿರುವುದರಿಂದ ಏಟು ಆಳವಾಗಿ ಇಳಿಯುತ್ತದೆ. ಬೆನ್ನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಅದನ್ನು ಸಿಕ್ಕಿಸುವುದು ರೂಢಿ. ಪೀಚೆಕತ್ತಿಯಾದರೋ ಚಿಕ್ಕದು, ಬೆಳ್ಳಿಯ ಕೆಲಸವುಳ್ಳ ಹಿಡಿ, ಒರೆ, ಸರಪಣಿಗಳಿಂದ ಕೂಡಿ, ಚೇಲೆ ಎಂಬ ಕೆಂಪು ರೇಷ್ಮೆಯ ನಡುಕಟ್ಟಿನಲ್ಲಿ ಮುಂದುಗಡೆ ನಿಲ್ಲುತ್ತದೆ. ಒಂದರ ಬೆಲೆ ಉಕ್ಕಿನಲ್ಲಿ, ಮತ್ತೊಂದರ ಬೆಲೆ ಬೆಳ್ಳಿಯಲ್ಲಿ ಇದೆಯೆಂದು ಮೇಲುನೋಟಕ್ಕೆ ತೋರಬಹುದು. ಇತಿಹಾಸವು ಬೇರೆಯದನ್ನು ಹೇಳುತ್ತದೆ.

೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಈ ಕತ್ತಿಗಳಿಗೆ ಯುದ್ಧದ ಕೆಲಸ ಕ್ರಮೇಣ ತಪ್ಪಿತು. ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ನೀಡಿದ್ದರಿಂದ ಆಯುಧಗಳು ಮನೆಗಳಲ್ಲಿಯೇ ಉಳಿದವು. ಬೇಟೆಯೂ ಉಳಿಯಿತು; ಹುಲಿಯನ್ನು ಕೊಂದವನಿಗೆ ನರಿಮಂಗಲವೆಂಬ ಗೌರವ ಸಲ್ಲುತ್ತಿದ್ದುದು ಪ್ರಸಿದ್ಧವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಕಾಲವೂ ಮುಗಿಯಿತು. ಹೀಗೆ ಎರಡು ಉದ್ಯೋಗಗಳನ್ನು ಕಳೆದುಕೊಂಡ ಕತ್ತಿ ಮೂಲೆ ಸೇರಬೇಕಾಗಿತ್ತು, ಸೇರಲಿಲ್ಲ. ಮದುವೆಯಲ್ಲಿ ಬಾಳೆಯ ಕಂಬಗಳನ್ನು ಕಡಿಯಲು ಇಂದಿಗೂ ಒಡಿಕತ್ತಿಯೇ ಬೇಕು.

ಇದಕ್ಕೆ ಉಕ್ಕಿನ ಗುಣವೊಂದೇ ಕಾರಣವೆನ್ನಲಾಗದು. ಎಂತಹ ಉತ್ತಮ ಅಲಗಾದರೂ ಕೊಡಗಿನ ಮಳೆಗಾಲದ ತೇವದಲ್ಲಿ ಆರೈಕೆಯಿಲ್ಲದೆ ತುಕ್ಕು ಹಿಡಿಯುವುದು ನಿಶ್ಚಯ. ಇಲ್ಲಿ ಕೈಲ್‌ಪೊಳ್ದ್ ಹಬ್ಬದ ಮಹತ್ವ ಸ್ಪಷ್ಟವಾಗುತ್ತದೆ. ನಾಟಿಯ ಕೆಲಸ ಮುಗಿದು, ಮಳೆಯ ಬಿರುಸು ಇಳಿಯುವ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಮನೆಯ ಆಯುಧಗಳನ್ನು ಹೊರತೆಗೆದು, ಶುಚಿಮಾಡಿ, ತೋಕ್‌ಪೂ ಎಂಬ ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಭಕ್ತಿಯ ದೃಷ್ಟಿಯಿಂದ ಇದು ಪೂಜೆ. ವಸ್ತುವಿನ ದೃಷ್ಟಿಯಿಂದ, ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಆರೈಕೆ. ಕಮ್ಮಾರನು ಒಮ್ಮೆ ಮಾಡಿದ ಕೆಲಸವನ್ನು ಮನೆತನವು ಪ್ರತಿವರ್ಷವೂ ಮುಂದುವರಿಸುತ್ತದೆಂದು ನಾವು ಭಾವಿಸುತ್ತೇವೆ.

ಆದ್ದರಿಂದ ಕತ್ತಿಯ ಬಾಳಿಕೆಯು ಲೋಹದ ಗುಣ ಮಾತ್ರವಲ್ಲ; ಕೆಲಸಗಾರನ ಕೈ ಮತ್ತು ವಾರಸುದಾರನ ಕೈ ಇವೆರಡರ ನಡುವಣ ಒಪ್ಪಂದ. ಬೆಳ್ಳಿಯ ತೂಕಕ್ಕೆ ಮಾರಿದ ಪೀಚೆಕತ್ತಿಗೆ ಹಣ ಬರಬಹುದು, ಆ ಒಪ್ಪಂದ ಮುರಿದುಹೋಗುತ್ತದೆ. ಗಾಜಿನ ಕಪಾಟಿನಲ್ಲಿರಿಸಿದ ಒಡಿಕತ್ತಿಯಿಂದ ಅಲಗಿನ ಆಕಾರವನ್ನು ತಿಳಿಯಬಹುದು; ಅದು ಯಾರ ಮನೆಯದು, ಯಾರ ಮದುವೆಯಲ್ಲಿ ಬಾಳೆ ಕಡಿಯಿತು ಎಂಬುದನ್ನು ತಿಳಿಯಲಾಗದು. ನಮ್ಮ ವಿದ್ಯಾರ್ಥಿಗಳು ಶಾಸನಗಳನ್ನು ಓದುವ ಶ್ರದ್ಧೆಯಿಂದಲೇ ಇಂತಹ ಕತ್ತಿಗಳ ವಂಶಚರಿತ್ರೆಯನ್ನೂ, ಬಲ್ಲ ಹಿರಿಯರು ಇರುವಾಗಲೇ, ಕೇಳಿ ಬರೆದಿಡುವುದು ಅವಶ್ಯ.