ಗಾಳಿ ಇಂಧನಗಳ ಹದ

ಒಂದು ಪಾಲು ಪೆಟ್ರೋಲಿನ ಸಂಪೂರ್ಣ ದಹನಕ್ಕೆ ತೂಕದಲ್ಲಿ ಸುಮಾರು 14.7 ಪಾಲು ವಾಯು ಬೇಕೆಂಬುದು ಶಾಸ್ತ್ರ. ಬೆಂಗಳೂರಿನ ಜಯನಗರ, ಬನಶಂಕರಿಗಳ ಹಿಂದಿನ ಮೆಕ್ಯಾನಿಕರಾದರೋ ಅಂಬಾಸಡರ್, ಪದ್ಮಿನಿ ಕಾರುಗಳ ಕಾರ್ಬ್ಯುರೇಟರಿನ ತಿರುಪನ್ನು ತುಸುತುಸುವೇ ತಿರುಗಿಸಿ, ಯಂತ್ರದ ನಾದವನ್ನಾಲಿಸಿ, ಸ್ಪಾರ್ಕ್ ಪ್ಲಗ್ಗಿನ ತುದಿ ಮಸಿಗಟ್ಟಿದೆಯೋ, ಬಿಳುಪೇರಿದೆಯೋ, ಹದವಾದ ಕಂದುಬಣ್ಣವನ್ನು ತಳೆದಿದೆಯೋ ಎಂಬುದನ್ನು ಪರೀಕ್ಷಿಸಿ ಮಿಶ್ರಣವನ್ನು ನಿರ್ಣಯಿಸುತ್ತಿದ್ದರು. ಅದನ್ನು ವಿದ್ಯೆಯೆಂದು ಕರೆಯಲು ನನಗೆ ಸಂಕೋಚವಿಲ್ಲ. 2000ದಿಂದೀಚೆಗೆ ಹೊಗೆಯ ಮಾನದಂಡಗಳು ಬಿಗಿಯಾಗುತ್ತ ಬಂದಂತೆ ಮಿಶ್ರಣದ ನಿರ್ಣಯಾಧಿಕಾರವು ಕಾರಿನ ಆಮ್ಲಜನಕ ಸಂವೇದಕಕ್ಕೂ ಗಣಕಕ್ಕೂ ಸಂದಿತು. ಆ ಅಧಿಕಾರವನ್ನು ಮರಳಿ ಪಡೆಯಬಯಸುವ ಆಸಕ್ತರು ಪ್ರತ್ಯೇಕ ನಿಯಂತ್ರಕವನ್ನು ಜೋಡಿಸಿ, ಸಂವೇದಕದ ಸಂಕೇತವನ್ನು ಮಾರ್ಪಡಿಸಿ ಇಂಧನವನ್ನು ಹೆಚ್ಚುಕಡಿಮೆ ಮಾಡುವರು. ಭಾರ ಹೊತ್ತ ಯಂತ್ರದಲ್ಲಿ ಇಂಧನ ತೀರ ಕಡಿಮೆಯಾದರೆ ಕವಾಟಗಳು ಸುಟ್ಟುಹೋಗುವುವು, ಅತಿಯಾದರೆ ಹೊಗೆಕೊಳವೆಯ ಪರಿವರ್ತಕ ಕೆಡುವುದು.