ಬ್ಯಾಬೇಜನ ಗಣಿತಯಂತ್ರದ ಪುನರ್ನಿರ್ಮಾಣ

ಒಬ್ಬನು ಬದುಕಿದ್ದಾಗ ಮುಗಿಸಲಾರದೆ ಹೋದ ಕೆಲಸವನ್ನು, ಅವನು ಕಾಲವಾಗಿ ನೂರಿಪ್ಪತ್ತು ವರ್ಷಗಳಾದ ಮೇಲೆ ಬೇರೆಯವರು ಮುಗಿಸಿದರೆ, ಅದರಿಂದ ಸಿದ್ಧವಾಗುವುದೇನು? ಚಾರ್ಲ್ಸ್ ಬ್ಯಾಬೇಜನ ಎರಡನೆಯ ವ್ಯತ್ಯಾಸಯಂತ್ರದ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನಾವಿಕರೂ ಖಗೋಳಜ್ಞರೂ ಅಚ್ಚಾದ ಗಣಿತಕೋಷ್ಟಕಗಳನ್ನೇ ನಂಬಿದ್ದರು. ಅವುಗಳನ್ನು ಮನುಷ್ಯರೇ ಗುಣಿಸಿ, ಮನುಷ್ಯರೇ ಅಚ್ಚುಮೊಳೆ ಜೋಡಿಸುತ್ತಿದ್ದುದರಿಂದ ತಪ್ಪುಗಳು ಹೇರಳವಾಗಿದ್ದುವು. ೧೮೨೧ರಲ್ಲಿ ಸ್ನೇಹಿತನಾದ ಜಾನ್ ಹರ್ಷಲನೊಡನೆ ಇಂತಹ ಕೋಷ್ಟಕಗಳನ್ನು ತಾಳೆನೋಡಿ ಬೇಸತ್ತ ಬ್ಯಾಬೇಜನಿಗೆ, ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕೆಂದು ತೋರಿತು. ತತ್ತ್ವವು ಸುಲಭವಾದುದು. ೧, ೪, ೯, ೧೬ ಎಂಬ ವರ್ಗಸಂಖ್ಯೆಗಳ ವ್ಯತ್ಯಾಸಗಳು ೩, ೫, ೭. ಇವುಗಳೊಳಗಣ ವ್ಯತ್ಯಾಸವು ಯಾವಾಗಲೂ ೨. ಆದುದರಿಂದ ಗುಣಾಕಾರದ ಗೊಡವೆಯಿಲ್ಲದೆ ಕೂಡುತ್ತ ಹೋದರೆ ಸಾಕು. ಕೂಡುವ ಕೆಲಸವನ್ನು ಹಲ್ಲುಚಕ್ರಗಳು ಮಾಡಬಲ್ಲವು.

ಮೊದಲನೆಯ ಯಂತ್ರಕ್ಕಾಗಿ ಆಂಗ್ಲ ಸರಕಾರವು ಸುಮಾರು ೧೭,೦೦೦ ಪೌಂಡುಗಳನ್ನು ವೆಚ್ಚಮಾಡಿತು. ಆದರೆ ಯಂತ್ರಶಿಲ್ಪಿಯಾದ ಜೋಸೆಫ್ ಕ್ಲೆಮೆಂಟನಿಗೂ ಬ್ಯಾಬೇಜನಿಗೂ ಮನಸ್ತಾಪವುಂಟಾಗಿ ೧೮೩೩ರಲ್ಲಿ ಕೆಲಸವು ನಿಂತಿತು. ೧೮೪೨ರಲ್ಲಿ ಸರಕಾರವು ಕೈಬಿಟ್ಟಿತು. ೧೮೪೭ರಿಂದ ೧೮೪೯ರವರೆಗೆ ಬ್ಯಾಬೇಜನು ಮತ್ತೂ ಸರಳವಾದ ಎರಡನೆಯ ಯಂತ್ರದ ನಕ್ಷೆಗಳನ್ನು ಸಿದ್ಧಪಡಿಸಿದನು. ಅದು ಕಾಗದದಲ್ಲಿಯೇ ಉಳಿಯಿತು. ೧೮೭೧ರಲ್ಲಿ ಆತನು ತೀರಿಕೊಂಡನು. ಅಂದಿನ ಕಾರ್ಖಾನೆಗಳಿಗೆ ಅಷ್ಟು ಸೂಕ್ಷ್ಮವಾದ ಕೆಲಸವು ಅಸಾಧ್ಯವಾಗಿದ್ದಿತೆಂಬ ಮಾತು ಮುಂದೆ ರೂಢಿಗೆ ಬಂದಿತು.

ಈ ಮಾತನ್ನು ಒರೆಗೆ ಹಚ್ಚಲು ಯಂತ್ರವನ್ನು ಕಟ್ಟಿನೋಡುವುದೇ ಸರಿಯಾದ ದಾರಿ. ಸಿಡ್ನಿ ವಿಶ್ವವಿದ್ಯಾನಿಲಯದ ಆಲನ್ ಬ್ರೋಮ್ಲಿಯು ೧೯೮೫ರಲ್ಲಿ ಇದನ್ನು ಸೂಚಿಸಲು, ಲಂಡನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯವು ಡೋರನ್ ಸ್ವೇಡನ ನೇತೃತ್ವದಲ್ಲಿ ಕಾರ್ಯವನ್ನು ಕೈಕೊಂಡಿತು. ಭಾಗಗಳನ್ನು ಹೊಸಕಾಲದ ಯಂತ್ರಗಳಿಂದಲೇ ಮಾಡಿಸಿದರೂ, ಬ್ಯಾಬೇಜನ ಕಾಲದಲ್ಲಿ ಸಾಧ್ಯವಾಗಿದ್ದುದಕ್ಕಿಂತ ಹೆಚ್ಚಿನ ನಿಖರತೆಯನ್ನು ಬಳಸಕೂಡದೆಂದು ನಿಯಮ ಮಾಡಿಕೊಂಡರು. ನಕ್ಷೆಗಳಲ್ಲಿ ಕೆಲವು ದೋಷಗಳು ಕಂಡುವು. ಮೊತ್ತವು ಒಂಬತ್ತನ್ನು ಮೀರಿದಾಗ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯುವ ಏರ್ಪಾಟನ್ನೇ ತಿದ್ದಬೇಕಾಯಿತು. ಕಡೆಗೆ ೧೯೯೧ರ ನವೆಂಬರಿನಲ್ಲಿ, ಬ್ಯಾಬೇಜನ ಇನ್ನೂರನೆಯ ಜನ್ಮದಿನಕ್ಕೆ ಒಂದು ತಿಂಗಳಿಗೂ ಕಡಿಮೆ ಉಳಿದಿರುವಾಗ, ಯಂತ್ರವು ಏಳನೆಯ ಘಾತಗಳ ಮೊದಲ ೧೦೦ ಬೆಲೆಗಳನ್ನು ತಪ್ಪಿಲ್ಲದೆ ಗುಣಿಸಿತು. ಅಚ್ಚು ಒತ್ತುವ ಭಾಗವು ೨೦೦೨ರಲ್ಲಿ ಮುಗಿಯಿತು. ಒಟ್ಟು ಸುಮಾರು ೮,೦೦೦ ಭಾಗಗಳು. ತೂಕ ೫ ಟನ್ನು.

ಹೀಗೆ ಬ್ಯಾಬೇಜನ ವಿಚಾರವು ಸರಿಯೆಂದೂ, ಅಂದಿನ ನಿಖರತೆಯೇ ಅದಕ್ಕೆ ಸಾಕೆಂದೂ ಸಿದ್ಧವಾಯಿತು. ಆದರೆ ಒಂದನ್ನು ಮರೆಯಲಾಗದು. ಒಂದೇ ತೆರನಾದ ಸಾವಿರಾರು ಭಾಗಗಳನ್ನು ಇಂದಿನ ಯಂತ್ರಗಳು ಸುಲಭವಾಗಿ ಮಾಡಿಕೊಟ್ಟವು. ಅಂದು ಅವು ಕುಶಲರ ಕೈಯಿಂದಲೇ, ಬಹುಕಾಲದಲ್ಲಿ, ಬಹುವೆಚ್ಚದಲ್ಲಿ ಆಗಬೇಕಾಗಿದ್ದಿತು. ಅಷ್ಟುಕಾಲ ಹಣ ಕೊಡುವವನೂ, ಮಾಡಿಸುವವನೂ, ಮಾಡುವವನೂ ಒಮ್ಮನಸ್ಸಿನಿಂದಿರಬೇಕಾಗಿದ್ದಿತು. ಯಂತ್ರವನ್ನು ಮರಳಿ ಕಟ್ಟಬಹುದು. ಆ ಒಮ್ಮನಸ್ಸು ಅಂದು ಸಾಧ್ಯವಾಗಿದ್ದಿತೇ ಎಂಬುದನ್ನು ಯಾವ ವಸ್ತುಸಂಗ್ರಹಾಲಯವೂ ಕಟ್ಟಿ ತೋರಿಸಲಾರದು.